ಹಳಿಗಳ ನಡುವಣ ಸಂದು

ಈ ಪುಟದ 'ಜಗಲಿಯ ಮಾತು'ಗಳನ್ನು ತಿಂಗಳು ತಿಂಗಳೂ ಓದುತ್ತ ಬಂದಿರುವ ವಾಚಕರಿಗೆ ನಮ್ಮ ರೈಲುಮಂಡಲಿಯ ಪರಿಚಯವು ಹೊಸದಲ್ಲ. ಆದರೂ ಹೊಸದಾಗಿ ಬಂದವರಿಗೆ ಮಣೆ ಹಾಕದೆ ಮಾತು ತೆಗೆಯುವುದು ಗೃಹಸ್ಥರ ಲಕ್ಷಣವಲ್ಲವಾದುದರಿಂದ, ಎರಡು ಮಾತು ಹೇಳಿ ಮುಂದಕ್ಕೆ ಹೋಗುವೆನು.

ನಮ್ಮದು ಬೆಂಗಳೂರು–ಹುಬ್ಬಳ್ಳಿ ರೈಲುದಾರಿಯಲ್ಲಿ, ಅರಸೀಕೆರೆಗೂ ಬೀರೂರಿಗೂ ನಡುವಣ ಒಂದು ಸಣ್ಣ ಊರು. ವೇಗದ ಗಾಡಿಗಳಿಗೆ ಇಲ್ಲಿ ನಿಲ್ಲಲು ಪುರುಸೊತ್ತಿಲ್ಲ. ಅವುಗಳಿಗೆ ಇಲ್ಲದ ಪುರುಸೊತ್ತು ನಮಗೆ ಯಥೇಚ್ಛವಾಗಿರುವುದರಿಂದ, ಅವು ಹೋಗುವುದನ್ನು ನೋಡುವ ಕೆಲಸವನ್ನು ನಾವು ನಾಲ್ವರು ವಹಿಸಿಕೊಂಡಿರುವೆವು. ಮೊದಲನೆಯವರು ಮಾಸ್ತರು. ಶಾಲೆಯ ಮಾಸ್ತರಲ್ಲ, ಸ್ಟೇಷನ್ ಮಾಸ್ತರು. ಮೀಟರ್‌ಗೇಜಿನ ಕಾಲದಲ್ಲಿ ಕೆಲಸಕ್ಕೆ ಸೇರಿ, ಬ್ರಾಡ್‌ಗೇಜು ಬಂದು ಕೆಲವು ವರ್ಷಗಳಾದ ಮೇಲೆ ನಿವೃತ್ತರಾದವರು. ಈಗ ಎಂಬತ್ತರ ಹೊಸ್ತಿಲಿನಲ್ಲಿರುವರು. ಎರಡನೆಯವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ರಾಯರು. ಮೂರನೆಯವರು ವಕೀಲರು. ಕೋರ್ಟಿನ ಕಾಗದಗಳಿಗಿಂತ ಹಳೆಯ ರೈಲು ಟಿಕೆಟ್ಟುಗಳನ್ನೂ ವೇಳಾಪಟ್ಟಿಗಳನ್ನೂ ಹೆಚ್ಚು ಜೋಪಾನವಾಗಿ ಇಟ್ಟುಕೊಂಡಿರುವವರು. ನಾಲ್ಕನೆಯವನು ನಾನು. ಆಡಿದವರು ಮರೆತ ಮಾತನ್ನು ಬರೆದಿಡುವುದು ನನ್ನ ಕೆಲಸ.

ವರುಷಕ್ಕೊಮ್ಮೆ, ಏಪ್ರಿಲ್ 16ನೆಯ ತಾರೀಖು, ನಮ್ಮ ಮಂಡಲಿಯ ಮಹೋತ್ಸವ. 1853ರಲ್ಲಿ ಅದೇ ದಿನ ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ, ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಭಾರತದ ಮೊದಲನೆಯ ಪ್ರಯಾಣಿಕರ ರೈಲು ಹೊರಟಿತು. ಹದಿನಾಲ್ಕು ಗಾಡಿಗಳು, ಸುಮಾರು 400 ಮಂದಿ ಅತಿಥಿಗಳು. ಎಳೆಯುವುದಕ್ಕೆ ಸಾಹೀಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು. ಬೀಳ್ಕೊಡುವುದಕ್ಕೆ ಇಪ್ಪತ್ತೊಂದು ತೋಪುಗಳು. ಹೋದ ದೂರ 34 ಕಿಲೋಮೀಟರು. ನಮ್ಮಲ್ಲಿ ತೋಪು ಇಲ್ಲ. ಅದಕ್ಕೆ ಬದಲಾಗಿ ಮಾಸ್ತರ ಮನೆಯ ಹಿತ್ತಲಿನಲ್ಲಿ, ಹಳೆಯ ಸಾಮಾನಿನ ಹರಾಜಿನಲ್ಲಿ ಕೊಂಡ ಮೊಳವುದ್ದದ ಕಂಬಿಯ ತುಂಡೊಂದು ತೂಗಾಡುತ್ತಿರುವುದು. ಹಿಂದಿನ ಕಾಲದ ಸಣ್ಣ ಸ್ಟೇಷನ್ನುಗಳಲ್ಲಿ ಗಂಟೆಯಾಗಿ ಬಾರಿಸುತ್ತಿದ್ದುದು ಇಂತಹ ತುಂಡನ್ನೇ. 3.35ಕ್ಕೆ ಸರಿಯಾಗಿ ಮಾಸ್ತರು ಅದನ್ನು ಬಾರಿಸುವರು; ನಾವು ಎದ್ದು ನಿಲ್ಲುವೆವು; ಆಮೇಲೆ ಕೋಸಂಬರಿ, ಪಾನಕ, ನೀರುಮಜ್ಜಿಗೆ. ಮಾಸ್ತರ ಮಡದಿಯನ್ನು ನಾವೆಲ್ಲರೂ ಅತ್ತಿಗೆಯವರೆಂದೇ ಕರೆಯುವುದು. "ಶ್ರೀರಾಮನವಮಿ ವರುಷಕ್ಕೆ ಒಂದೇ ಎಂದುಕೊಂಡಿದ್ದೆ, ಈ ಮನೆಯಲ್ಲಿ ಎರಡು" ಎಂದು ಅವರು ಪ್ರತಿವರುಷವೂ ಹೇಳುವರು. ಪ್ರತಿವರುಷವೂ ಎರಡು ಪಾತ್ರೆ ಪಾನಕ ಮಾಡುವರು.

ಈ ಸಾರಿಯ ಬಿಸಿಲನ್ನು ಏನೆಂದು ಹೇಳಲಿ! ಊಟ ಮುಗಿಸಿ ಎರಡು ಗಂಟೆಗೆ ನಾವು ಹಿತ್ತಲಿನ ಹೊಂಗೆಯ ನೆರಳಿನಲ್ಲಿ ಸೇರುವ ಹೊತ್ತಿಗೆ ಕಾಗೆಯೂ ಬಾಯಿ ತೆರೆದುಕೊಂಡು ಕುಳಿತಿದ್ದಿತು. ಹೊಂಗೆಯ ಹೂವು ನೆಲದ ಮೇಲೆ ಹಾಸಿದಂತೆ ಉದುರಿದ್ದಿತು. ಹಿತ್ತಲಿನ ಬೇಲಿಯಾಚೆ ಸ್ವಲ್ಪ ದೂರದಲ್ಲಿ ರೈಲುದಾರಿಯು ಬಿಸಿಲ ಝಳದಲ್ಲಿ ನೀರಿನಂತೆ ಅಲುಗುತ್ತಿದ್ದಿತು.

ವಕೀಲರು ತಮ್ಮ ಹೊಸ ಸಂಪಾದನೆಯೊಂದನ್ನು ತೋರಿಸಿದರು. ಅದೊಂದು ದಪ್ಪ ರಟ್ಟಿನ ಹಳೆಯ ಟಿಕೆಟ್ಟು. ಇಂಗ್ಲೆಂಡಿನ ತಾಮಸ್ ಎಡ್ಮಂಡ್ಸನ್ ಎಂಬಾತನು 1830ರ ದಶಕದಲ್ಲಿ ರೂಢಿಗೆ ತಂದ ಈ ಚೀಟಿ ನಮ್ಮ ದೇಶದಲ್ಲಿಯೂ ಒಂದೂವರೆ ಶತಮಾನ ನಡೆಯಿತು. ಅನಂತರ ಮಾತು ವೇಳೆಯ ಕಡೆಗೆ ತಿರುಗಿತು. 1906ರಲ್ಲಿ ಭಾರತಕ್ಕೆಲ್ಲ ಒಂದೇ ವೇಳೆ ಬರುವುದಕ್ಕೆ ಮುಂಚೆ ರೈಲುಗಳು ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದುವು. ಅದು ಈಗಿನ ವೇಳೆಗಿಂತ ಸುಮಾರು ಒಂಬತ್ತು ನಿಮಿಷ ಹಿಂದೆ. "ನಮ್ಮ ಮನೆಯಲ್ಲಿ ಈ ಭೇದ ಇನ್ನೂ ಹೋಗಿಲ್ಲ" ಎಂದರು ವಕೀಲರು. "ಊಟಕ್ಕೆ ಕರೆದಾಗ ನಾನು ಏಳುವುದು ಮದರಾಸಿನ ವೇಳೆಗೆ ಎಂದು ನಮ್ಮಾಕೆಯ ದೂರು."

ಅಷ್ಟರಲ್ಲಿ ಒಂದು ಉದ್ದನೆಯ ಗೂಡ್ಸ್ ಗಾಡಿ ಬಂದಿತು. ನಾವು ಮಕ್ಕಳಂತೆ ಎದ್ದು ನಿಂತು ಡಬ್ಬಿಗಳನ್ನು ಎಣಿಸಿದೆವು. ನೆಲ ನಡುಗಿತು, ಒಂದೇ ಸಮನಾದ ಹೂಂಕಾರವೊಂದು ಹಾದುಹೋಯಿತು.

"ಟಕಟಕ ಎಲ್ಲಿ ಹೋಯಿತು?" ಎಂದು ನಾನು ಕೇಳಿದೆನು. "ನಾವು ಹುಡುಗರಾಗಿದ್ದಾಗ ರೈಲೆಂದರೆ ಆ ಸದ್ದೇ. ಅದನ್ನು ಕೇಳಿಕೊಂಡೇ ನಿದ್ರೆ ಹೋಗುತ್ತಿದ್ದೆವು."

ರಾಯರಿಗೆ ಇಂತಹ ಪ್ರಶ್ನೆ ಸಿಕ್ಕುವುದೇ ತಡ. "ಆ ಸದ್ದಿನಿಂದ ನಾನು ಗಾಡಿಯ ವೇಗವನ್ನು ಅಳೆಯುತ್ತಿದ್ದೆ. ಮೀಟರ್‌ಗೇಜಿನ ಹಳಿ 12 ಮೀಟರು ಉದ್ದ. ಒಂದು ಹಳಿ ಮುಗಿದು ಇನ್ನೊಂದು ಮೊದಲಾಗುವ ಸಂದಿನಲ್ಲಿ ಗಾಲಿ ಇಳಿದು ಏರುವಾಗ ಟಕ್ ಎನ್ನುವುದು. ನಾವು ಕುಳಿತ ಕಡೆಯ ಒಂದು ಗಾಲಿ 43 ಸೆಕೆಂಡುಗಳಲ್ಲಿ ಎಷ್ಟು ಸಲ ಟಕ್ ಎಂದಿತೋ ಗಾಡಿಯ ವೇಗ ಗಂಟೆಗೆ ಅಷ್ಟು ಕಿಲೋಮೀಟರು. ಬ್ರಾಡ್‌ಗೇಜಿನ ಹಳಿ 13 ಮೀಟರಾದುದರಿಂದ 47 ಸೆಕೆಂಡು ಎಣಿಸಬೇಕು. ತರಗತಿಯ ಹುಡುಗರಿಗೆ ತ್ರೈರಾಶಿಯನ್ನು ಕಲಿಸಿದ್ದೇ ಹೀಗೆ."

"ಸಂದನ್ನು ಬಿಡುತ್ತಿದ್ದುದಾದರೂ ಏಕೆ?"

ರಾಯರು ಉತ್ತರ ಹೇಳಲಿಲ್ಲ. ಚೀಲದಿಂದ ಉಷ್ಣಮಾಪಕವನ್ನು ತೆಗೆದರು. ನೆರಳಿನಲ್ಲಿ ಹಿಡಿದರೆ 37 ಡಿಗ್ರಿ. ಬಿಸಿಲಿನಲ್ಲಿ ತೂಗುತ್ತಿದ್ದ ಕಂಬಿಯ ತುಂಡಿಗೆ ಆನಿಸಿ ಸ್ವಲ್ಪ ಹೊತ್ತು ಕಾದರೆ 54! "ನೋಡಿದಿರಾ? ಬೆಳಗಿನ ಜಾವದ ತಂಪಿಗೂ ಈ ಹೊತ್ತಿನ ಬಿಸಿಗೂ ಮೂವತ್ತು ಡಿಗ್ರಿಗಳಷ್ಟು ಅಂತರ. ಮಾಗಿಯ ಚಳಿಯಿಂದ ಲೆಕ್ಕ ಹಾಕಿದರೆ ನಲವತ್ತು ಎನ್ನಿ. ಕಬ್ಬಿಣ ಬಿಸಿಯಾದರೆ ಹಿಗ್ಗುವುದು. 13 ಮೀಟರಿನ ಒಂದು ಹಳಿ ನಲವತ್ತು ಡಿಗ್ರಿಗೆ ಸುಮಾರು 6 ಮಿಲಿಮೀಟರು ಹಿಗ್ಗುತ್ತದೆ. ಒಂದು ಗೋಧಿಕಾಳಿನ ಉದ್ದ. ಆ ಗೋಧಿಕಾಳಿಗೆ ಜಾಗವಿರಲೆಂದು ಹಿರಿಯರು ಸಂದನ್ನು ಬಿಟ್ಟಿದ್ದರು."

"ಈಗ ಬಿಟ್ಟಿಲ್ಲವಲ್ಲ!"

"ಈಗ ಹಳಿಗಳನ್ನು ಬೆಸೆದುಬಿಡುತ್ತಾರೆ. ಕಿಲೋಮೀಟರುಗಟ್ಟಲೆ ಒಂದೇ ಹಳಿ, ಅದಕ್ಕೇ ಸದ್ದಿಲ್ಲ. ಅದನ್ನು ಹಾಗೆಯೇ ನೆಲದ ಮೇಲೆ ಬಿಟ್ಟಿದ್ದರೆ ನಲವತ್ತು ಡಿಗ್ರಿಗೆ ಕಿಲೋಮೀಟರಿಗೆ ಸುಮಾರು 46 ಸೆಂಟಿಮೀಟರು ಬೆಳೆಯುತ್ತಿದ್ದಿತು. ಸರಿಯಾಗಿ ಒಂದು ಮೊಳ."

"ಆ ಮೊಳವುದ್ದದ ಕಬ್ಬಿಣ ಎಲ್ಲಿ ಹೋಯಿತು, ಸ್ವಾಮಿ?" ಎಂದು ವಕೀಲರು ಪಾಟೀಸವಾಲಿನ ಧ್ವನಿಯಲ್ಲಿ ಕೇಳಿದರು.

"ಎಲ್ಲಿಗೂ ಹೋಗಲಿಲ್ಲ, ಹೋಗಗೊಡಲಿಲ್ಲ. ಭಾರವಾದ ಕಾಂಕ್ರೀಟು ಸ್ಲೀಪರುಗಳು, ಅವುಗಳಿಗೆ ಹಳಿಯನ್ನು ಅದುಮಿ ಹಿಡಿಯುವ ಉಕ್ಕಿನ ಕ್ಲಿಪ್ಪುಗಳು, ಸುತ್ತಲೂ ಜಲ್ಲಿ. ಇವು ಮೂರೂ ಹಿಡಿದಿರುವುದರಿಂದ ಹಳಿ ಹಿಗ್ಗಲಾರದು. ಹಿಗ್ಗಬೇಕೆಂಬ ಬಲವೆಲ್ಲ ಒಳಗೇ ನಿಲ್ಲುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯನ್ನು ಒಂದು ಹದವಾದ ತಾಪದಲ್ಲಿ, ಒಳಗೆ ಯಾವ ಒತ್ತಡವೂ ಇಲ್ಲದಂತೆ ಕೂರಿಸಿರುತ್ತಾರೆ. ತಾಪವು ಅದರ ಮೇಲೆ ಇಪ್ಪತ್ತು ಡಿಗ್ರಿ ಏರಿದರೆ ಒಂದೊಂದು ಹಳಿಯಲ್ಲಿಯೂ ಸುಮಾರು 38 ಟನ್ನಿನ ಒತ್ತಡ. ನೋಡುವವರಿಗೆ ಏನೂ ಕಾಣುವುದಿಲ್ಲ."

ಇಲ್ಲಿಗೆ ಬಿಟ್ಟಿದ್ದರೆ ಮಾತು ಹಳಿಯ ಮಾತಾಗಿಯೇ ಮುಗಿಯುತ್ತಿದ್ದಿತು. ಆದರೆ ವಕೀಲರಿಗೆ ಎರಡು ಪಕ್ಷ ಕಂಡಮೇಲೆ ಸುಮ್ಮನಿರುವ ಅಭ್ಯಾಸವಿಲ್ಲ.

"ಇದು ಸಂಸಾರದ ವ್ಯಾಜ್ಯವೇ ಸರಿ" ಎಂದರು. "ಹಿರಿಯರ ಪಕ್ಷ ನನ್ನದು. ಅಣ್ಣತಮ್ಮಂದಿರಿರಲಿ, ತಂದೆಮಕ್ಕಳಿರಲಿ, ನಡುವೆ ಒಂದು ಗೋಧಿಕಾಳಿನಷ್ಟಾದರೂ ಸಂದು ಇರಬೇಕು. ಸದ್ದಾದರೆ ಆಗಲಿ! ಸದ್ದಾಗದ ಮನೆ ಯಾವುದು? ಬೆಸೆದುಬಿಟ್ಟರೆ ಬಿಸಿಲು ಬಂದ ದಿನ ಎಲ್ಲಿಗೆ ಹೋಗುವುದು?"

"ಬೆಸೆದರೇನು? ಜಲ್ಲಿ ಗಟ್ಟಿಯಾಗಿದ್ದರೆ ಹಳಿ ಅಲುಗದು" ಎಂದು ರಾಯರು ಪಟ್ಟು ಹಿಡಿದರು. "ಸಂದು ಬಿಟ್ಟ ಹಳಿಯ ತುದಿಯೇ ಮೊದಲು ಸವೆಯುವುದು, ಬೋಲ್ಟು ಸಡಿಲವಾಗುವುದು. ಒಟ್ಟಿಗೆ ಇರಬೇಕೆಂದರೆ ಒಟ್ಟಿಗೇ ಇರಬೇಕು. ಬಿಸಿಯನ್ನು ತಾಳುವುದನ್ನು ಕಲಿಯಬೇಕು."

ಇಬ್ಬರೂ ನಗುನಗುತ್ತಲೇ ವಾದಿಸುತ್ತಿದ್ದರು. ನಾನು ಮಾಸ್ತರ ಮುಖವನ್ನು ನೋಡಿದೆನು. ಅವರು ನಗುತ್ತಿರಲಿಲ್ಲ. ಅವರ ಮುಖವನ್ನು ನೋಡಿದ ಮೇಲೆ ವಕೀಲರ ನಗುವೂ ನಿಂತಿತು. ಏನನ್ನು ಆಡಿಬಿಟ್ಟೆವೆಂಬುದು ನಮಗೆ ತಿಳಿದುದು ಆಮೇಲೆ.

ವಾಚಕರಿಗೆ ಇದರ ಹಿನ್ನೆಲೆಯನ್ನು ಹೇಳಬೇಕು. ಮಾಸ್ತರ ಅನುಮತಿಯನ್ನು ಪಡೆದೇ ಹೇಳುತ್ತಿರುವೆನು. ಅವರಿಗೆ ಒಬ್ಬನೇ ಮಗ, ಬೆಂಗಳೂರಿನಲ್ಲಿ ಸಂಸಾರವಂದಿಗನಾಗಿರುವನು. ಹಿಂದಿನ ವರುಷ ಫಾಲ್ಗುನದಲ್ಲಿ ಮಾಸ್ತರೂ ಅತ್ತಿಗೆಯವರೂ ಇನ್ನು ಮುಂದೆ ಅಲ್ಲಿಯೇ ಇರುವುದೆಂದು ಹೊರಟುಹೋದರು. ಆದರೆ ನಾಲ್ಕು ದಶಕಗಳ ಕಾಲ ರಾತ್ರಿ ಪಾಳಿ, ಹಗಲು ಪಾಳಿ ಎಂದು ದುಡಿದ ದೇಹಕ್ಕೆ ಬೆಳಗಿನ ನಾಲ್ಕಕ್ಕೆ ಎಚ್ಚರವಾಗಿಬಿಡುವುದು. ಎದ್ದವರು ಬಕೀಟು ಸದ್ದು ಮಾಡುವರು, ಬಾಗಿಲ ಚಿಲಕ ತೆಗೆಯುವರು, ದೀಪ ಹಾಕುವರು, ಹಾಲು ಬಂದಿತೆ ಎಂದು ಮೂರು ಸಲ ಕೂಗುವರು. ಮಗನೂ ಸೊಸೆಯೂ ರಾತ್ರಿ ಹೊತ್ತಾಗಿ ಮಲಗುವವರು. ಮೂರು ತಿಂಗಳು ಹೇಗೋ ಕಳೆಯಿತು. ಒಂದು ದಿನ ಬೆಳಗ್ಗೆ ಮಗನು, ಪಾಪ, ನಿದ್ದೆಗಣ್ಣಿನಲ್ಲಿ, "ಇದು ಸ್ಟೇಷನ್ ಅಲ್ಲ ಅಪ್ಪಾ, ಮನೆ" ಎಂದುಬಿಟ್ಟನು. ಅಷ್ಟೇ ಮಾತು. ಮಾಸ್ತರು ಅಂದೇ ಮಧ್ಯಾಹ್ನದ ಗಾಡಿಗೆ ಊರಿಗೆ ಬಂದರು. ಅಂದಿನಿಂದ ಮಗನೊಡನೆ ಮಾತಿಲ್ಲ. ಮಗನು ದೀಪಾವಳಿಗೆ ಬಂದಾಗಲೂ ತಂದೆ ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಈಗ ವೈಶಾಖದಲ್ಲಿ ಮೊಮ್ಮಗನ ಉಪನಯನ. ಹತ್ತು ದಿನದ ಹಿಂದೆ ಅಂಚೆಯಲ್ಲಿ ಬಂದ ಆಹ್ವಾನಪತ್ರಿಕೆ, ಕವರು ಸಹ ಒಡೆಯದೆ, ಗೂಡಿನಲ್ಲಿ ಕುಳಿತಿದ್ದಿತು. ಇದೆಲ್ಲವೂ ನಮಗೆ ಗೊತ್ತಿದ್ದೂ ಬಾಯಿಯನ್ನು ಹಿಡಿಯಲಿಲ್ಲ.

ಯಾರೂ ಮಾತನಾಡದೆ ಇದ್ದ ಆ ಹೊತ್ತಿನಲ್ಲಿ ಬೇಲಿಯ ಬಾಗಿಲು ಕಿರುಗುಟ್ಟಿತು. ಹರಿದ ಕೊಡೆಯನ್ನು ಹಿಡಿದುಕೊಂಡು ಕೀಮ್ಯಾನ್ ಅಜ್ಜ ಬಂದನು. ಈತನು ಮಾಸ್ತರ ಕಾಲದಿಂದ ಈ ದಾರಿಯಲ್ಲಿ ದುಡಿದವನು. ದಿನವೂ ಆರೇಳು ಕಿಲೋಮೀಟರು ಹಳಿಯ ಮೇಲೆ ನಡೆದು, ಸಡಿಲವಾದ ಕೀಲಿಯನ್ನು ಬಿಗಿದು, ಬಿರುಕು ಬಿಟ್ಟ ಹಳಿಯನ್ನು ಕಂಡುಹಿಡಿದು ಹೇಳುವುದು ಕೀಮ್ಯಾನನ ಕೆಲಸ. ನಿವೃತ್ತನಾಗಿ ಹಲವು ವರುಷಗಳಾದುವು. ಅತ್ತಿಗೆಯವರು ಒಂದು ಚೆಂಬು ಮಜ್ಜಿಗೆಯನ್ನು ತಂದು ಕೊಟ್ಟು ಒಳಕ್ಕೆ ಹೋದರು. ಅಜ್ಜ ಒಂದೇ ಉಸಿರಿಗೆ ಕುಡಿದು, ಕೆಳಗೆ ಕುಳಿತು, "ಏನು, ಎಲ್ಲರೂ ಮೌನ?" ಎಂದನು.

ರಾಯರು ಮಾತನ್ನು ಹೇಗಾದರೂ ಹಳಿಗೆ ಹಿಂತಿರುಗಿಸಬೇಕೆಂದು, "ನೀನೇ ಹೇಳು ಅಜ್ಜ. ಸಂದು ಬಿಟ್ಟ ಹಳಿ ಒಳ್ಳೆಯದೋ, ಬೆಸೆದ ಹಳಿ ಒಳ್ಳೆಯದೋ?" ಎಂದರು.

ಅಜ್ಜನು ಸ್ವಲ್ಪ ಯೋಚಿಸಿ ಹೇಳಿದನು: "ಎರಡರ ಮೇಲೂ ನಡೆದಿದ್ದೇನೆ, ರಾಯರೆ. ಸಂದು ಬಿಟ್ಟದ್ದು ಬಾಯಿಬಡುಕ. ಎಲ್ಲಿ ನೋವು ಎಂದು ಗಾಡಿ ಹೋದಾಗಲೆಲ್ಲ ಹೇಳುತ್ತಿತ್ತು. ಬೆಸೆದದ್ದು ಮೂಗ. ಒಳ್ಳೆಯದು, ಗಟ್ಟಿಯಾದದ್ದು, ಆದರೆ ಬಾಯಿ ಬಿಡುವುದಿಲ್ಲ. ಅದಕ್ಕೇ ಅದನ್ನು ಹೋಗಿ ನೋಡಬೇಕು. ಅದೂ ಬೆಳಗ್ಗೆ ನೋಡಿದರೆ ಆಗದು. ಬೆಳಗ್ಗೆ ಆರಕ್ಕೆ ನೂಲು ಹಿಡಿದ ಹಾಗೆ ನೆಟ್ಟಗಿರುತ್ತದೆ. ಮಧ್ಯಾಹ್ನ ಹೋಗಬೇಕು, ಬಿಸಿಲು ನೆತ್ತಿಯ ಮೇಲೆ ಇದ್ದಾಗ. ಬೇಸಗೆಯಲ್ಲಿ ನಮಗೆ ಅದೇ ಪಹರೆ."

ಅನಂತರ ಅವನು ಹೇಳಿದ ಸಂಗತಿಯನ್ನು ನಾನು ಇದುವರೆಗೆ ಕೇಳಿರಲಿಲ್ಲ. ಒಂದು ವರುಷ ಇಂತಹದೇ ಚೈತ್ರದ ಮಧ್ಯಾಹ್ನ. ಕೆಲವು ದಿನಗಳ ಹಿಂದೆ ಕೆಲಸಕ್ಕಾಗಿ ಜಲ್ಲಿಯನ್ನು ಕದಡಿದ್ದ ಜಾಗ. ಕದಡಿದ ಜಲ್ಲಿ ಗಾಡಿಗಳ ಓಡಾಟದಿಂದ ಮತ್ತೆ ಬಿಗಿಯಾಗುವ ತನಕ ಹಳಿಯ ಮೇಲೆ ಅದರ ಹಿಡಿತ ಕಡಮೆ. ಒಂದೂವರೆ ಗಂಟೆಗೆ ಅಜ್ಜ ಅಲ್ಲಿಗೆ ಬಂದಾಗ ಹಳಿ ಪಕ್ಕಕ್ಕೆ ಹಾವಿನಂತೆ ಬಳುಕಿದ್ದಿತು. ಮುಂದಿನ ಗಾಡಿಗೆ ಹೆಚ್ಚು ಹೊತ್ತಿರಲಿಲ್ಲ. ಅವನು ಕೆಂಪು ಬಾವುಟವನ್ನು ನಡುವೆ ನೆಟ್ಟು, ಗಾಡಿ ಬರುವ ದಿಕ್ಕಿಗೆ ಓಡಿದನು. ಗಾಲಿ ಹತ್ತಿದರೆ ಸಿಡಿದು ಡ್ರೈವರನನ್ನು ಎಚ್ಚರಿಸುವ ಪಟಾಕಿಗಳು ಕೀಮ್ಯಾನನ ಚೀಲದಲ್ಲಿ ಯಾವಾಗಲೂ ಇರಬೇಕು. ಬ್ರಾಡ್‌ಗೇಜಿನಲ್ಲಿ 600 ಮೀಟರಿಗೆ ಒಂದು, 1200 ಮೀಟರಿಗೆ ಹತ್ತು ಹತ್ತು ಮೀಟರಿನ ಅಂತರದಲ್ಲಿ ಮೂರು, ಇದು ನಿಯಮ. ಸ್ಲೀಪರಿನಿಂದ ಸ್ಲೀಪರಿಗೆ ಹಾರುತ್ತ 1200 ಮೀಟರು ಓಡಿ ಅವುಗಳನ್ನು ಕಟ್ಟಿ, ಮುಂದೆ ನಿಂತು ಇನ್ನೊಂದು ಬಾವುಟವನ್ನು ಬೀಸಿದನು. ಗಾಡಿ ನಿಂತಿತು. ಡ್ರೈವರನು ಇಳಿದು ಬಂದು ಮೊದಲು ಮಾಡಿದ ಕೆಲಸವೆಂದರೆ, ಈತನ ತಲೆಯ ಮೇಲೆ ನೀರು ಸುರಿದದ್ದು.

"ಆಮೇಲೆ ಹಳಿಯನ್ನು ನೂಕಿ ನೆಟ್ಟಗೆ ಮಾಡಿದಿರೋ?" ಎಂದು ನಾನು ಕೇಳಿದೆನು.

"ಬಿಸಿಯಲ್ಲಿ ನೂಕಿದರೆ ಅದು ನೆಟ್ಟಗಾದೀತೆ? ಇನ್ನೊಂದು ಕಡೆ ಬಳುಕುತ್ತದೆ. ಮೊದಲು ಕತ್ತರಿಸಿ ಒಳಗಿನ ಬಿಗಿತವನ್ನು ಬಿಡಿಸಬೇಕು. ಹದವಾದ ತಾಪ ಬಂದ ಮೇಲೆ ಮತ್ತೆ ಬೆಸೆಯಬೇಕು. ಅಲ್ಲಿಯ ತನಕ ಗಾಡಿಗಳನ್ನು ಮೆಲ್ಲಗೆ ಬಿಡಬೇಕು." ಅಜ್ಜನು ಸ್ವಲ್ಪ ತಡೆದು, "ಇನ್ನೊಂದು ಮಾತು. ಬೆಸೆದ ಹಳಿಯಲ್ಲಿ ಸಂದೇ ಇಲ್ಲ ಎನ್ನಬೇಡಿ. ಅದರ ಎರಡು ತುದಿಯಲ್ಲಿಯೂ ಜಾರುವ ಒಂದು ಜೋಡಣೆ ಇಟ್ಟಿರುತ್ತಾರೆ. ತುದಿಯ ನೂರು ಮೀಟರಿನಷ್ಟು ಹಳಿ ಬಿಸಿಗೆ ಮುಂದಕ್ಕೆ, ತಂಪಿಗೆ ಹಿಂದಕ್ಕೆ ಆಡುತ್ತದೆ. ಅದು ಹಳಿ ಉಸಿರಾಡುವ ಜಾಗ ಎಂದು ಎಂಜಿನಿಯರುಗಳೇ ಹೇಳುವರು" ಎಂದನು.

ರಾಯರು ತಲೆದೂಗಿದರು, ಈ ಮಾತನ್ನು ತಾವು ಹೇಳಲು ಮರೆತಿದ್ದರು. ವಕೀಲರು ತಮ್ಮ ಪಕ್ಷ ಗೆದ್ದಿತೋ ಸೋತಿತೋ ತಿಳಿಯದೆ ಪಾನಕದ ಲೋಟವನ್ನು ಎತ್ತಿಕೊಂಡರು.

ಆಗ ಮನೆಯ ಮಗ್ಗುಲಿನಿಂದ, ಬಾವಿಯ ಕಟ್ಟೆಯ ಕಡೆಯಿಂದ, ತಗ್ಗಿದ ಧ್ವನಿಯೊಂದು ಕೇಳಿಬಂದಿತು. ಅತ್ತಿಗೆಯವರು ಫೋನಿನಲ್ಲಿ ಮಾತನಾಡುತ್ತಿದ್ದರು. "ಬಿಸಿಲಿನಲ್ಲಿ ಮಗುವನ್ನು ಆಚೆಗೆ ಬಿಡಬೇಡಮ್ಮ... ಅವರು ಚೆನ್ನಾಗಿದ್ದಾರೆ... ಇಲ್ಲ, ಇನ್ನೂ ಒಡೆದಿಲ್ಲ... ನೀನು ಬೇಜಾರು ಮಾಡಿಕೊಳ್ಳಬೇಡ. ನಾಳೆ ಮಾಡುತ್ತೇನೆ." ದಿನವೂ ಮೂರು ಗಂಟೆಯ ಬಳಿಕ, ಮಾಸ್ತರು ಒರಗಿಕೊಂಡ ಹೊತ್ತು ನೋಡಿ, ಅವರು ಬಾವಿಯ ಕಟ್ಟೆಗೆ ಹೋಗಿ ಸೊಸೆಯೊಡನೆ ಮಾತನಾಡುವರು. ಈ ಬೀದಿಯಲ್ಲಿ ಅದು ತಿಳಿಯದವರಿಲ್ಲ. ಮಾಸ್ತರಿಗೂ ತಿಳಿದಿದ್ದಿತೆಂದು ನನಗೆ ಆಗಲೇ ಗೊತ್ತಾದುದು. ಏಕೆಂದರೆ ಅವರು ಆಶ್ಚರ್ಯಪಡಲಿಲ್ಲ. ಹಳಿಯ ಕಡೆಗೆ ನೋಡುತ್ತ, "ಹತ್ತು ತಿಂಗಳಿಂದ ಈ ಬಿಸಿಲಿನಲ್ಲಿ" ಎಂದರು. ಯಾರಿಗೆ ಹೇಳಿದರೋ ತಿಳಿಯದು.

ಅವರು ಎದ್ದು ಒಳಕ್ಕೆ ಹೋಗಿ, ಗೂಡಿನಲ್ಲಿದ್ದ ಕವರನ್ನು ತಂದು ವಕೀಲರ ಕೈಗೆ ಕೊಟ್ಟು, "ನನ್ನ ಕನ್ನಡಕ ಎಲ್ಲಿಟ್ಟೆನೋ. ಸ್ವಲ್ಪ ಓದಿ" ಎಂದರು. ಕನ್ನಡಕ ಅವರ ಮೂಗಿನ ಮೇಲೆಯೇ ಇದ್ದಿತು. ವಕೀಲರು ಏನೂ ಹೇಳದೆ ಕವರನ್ನು ಒಡೆದರು. ಒಂದು ಸಲ ಮನಸ್ಸಿನಲ್ಲಿಯೇ ಓದಿಕೊಂಡು, ಗಂಟಲನ್ನು ಸರಿಮಾಡಿಕೊಂಡರು.

"ಮಾಸ್ತರೆ, ಇದು ನಿಮಗೆ ಕಳುಹಿಸಿದ ಕರೆಯೋಲೆಯಲ್ಲ" ಎಂದರು.

"ಮತ್ತೆ?"

"ಕರೆಯುವವರೇ ನೀವು. 'ನಮ್ಮ ಪೌತ್ರನ ಉಪನಯನಕ್ಕೆ ತಾವು ಬಂದು ಆಶೀರ್ವದಿಸಬೇಕು' ಎಂದು ನಿಮ್ಮ ಹೆಸರಿನಲ್ಲಿ ಅಚ್ಚಾಗಿದೆ. ನಿಮ್ಮದು, ಅತ್ತಿಗೆಯವರದು. ಮಗನ ಹೆಸರು ಅದರ ಕೆಳಗೆ. ಊರಿನವರನ್ನೆಲ್ಲ ಕರೆದು ನೀವೇ ಹೋಗದಿದ್ದರೆ ಹೇಗೆ?"

ಮಾಸ್ತರು ಪತ್ರಿಕೆಯನ್ನು ತಾವೇ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ನಾವು ಹೊಂಗೆಯ ಹೂವನ್ನು ನೋಡುತ್ತ ಕುಳಿತೆವು. ಇಂತಹ ಹೊತ್ತಿನಲ್ಲಿ ಸ್ನೇಹಿತರು ಮಾಡಬಹುದಾದ ಉಪಕಾರ ಅಷ್ಟೇ. ಅಷ್ಟರಲ್ಲಿ ಅತ್ತಿಗೆಯವರು ಬಾವಿಯ ಕಡೆಯಿಂದ ಬಂದವರು, "ಇದೇನು, ಇವತ್ತು ಗಂಟೆ ಹೊಡೆಯಲಿಲ್ಲವೆ? ಮೂರೂವರೆ ದಾಟಿತಲ್ಲ!" ಎಂದರು.

"ಫೋನನ್ನು ಇತ್ತ ಕೊಡು" ಎಂದರು ಮಾಸ್ತರು.

ಅತ್ತಿಗೆಯವರ ಕೈ ನಡುಗಿತು. ಅವರೇ ಮಗನ ನಂಬರನ್ನು ಒತ್ತಿ ಕೊಟ್ಟರು. ಮಾಸ್ತರು ನಮ್ಮ ಕಡೆಗೆ ಬೆನ್ನು ಮಾಡಿ ಬೇಲಿಯ ಬಳಿಗೆ ಹೋದರೂ, ಗಾಡಿಗಳ ಸದ್ದನ್ನು ಮೀರಿ ಕೂಗಿದ ಗಂಟಲಾದುದರಿಂದ ಮಾತು ನಮಗೆ ಕೇಳಿಸಿತು.

"ನಾನು... ಹೌದು, ನಾನೇ. ಪತ್ರಿಕೆ ನೋಡಿದೆ. ಎಷ್ಟು ದಿನ ಮುಂಚೆ ಬರಬೇಕು?... ಹತ್ತು ದಿನ ಇದ್ದು ಬರುತ್ತೇವೆ. ಮತ್ತೆ ಆಷಾಢ ಕಳೆದ ಮೇಲೆ ನೋಡೋಣ... ನಾಲ್ಕು ಗಂಟೆಗೆ ಎಚ್ಚರವಾಗುತ್ತದೆ, ಅದಕ್ಕೆ ನಾನೇನು ಮಾಡಲಿ? ಬಕೀಟು ಮುಟ್ಟುವುದಿಲ್ಲ. ಹೊರಗೆ ಹೋಗಿ ಸುತ್ತಾಡಿಕೊಂಡು ಬರುತ್ತೇನೆ..."

ಆಚೆಯಿಂದ ಮಗನು ಏನು ಹೇಳಿದನೋ ನಮಗೆ ಕೇಳಲಿಲ್ಲ. ಬಹಳ ಹೊತ್ತು ಹೇಳಿದನು. ಮಾಸ್ತರು ತಲೆಯಾಡಿಸುತ್ತ, "ಆಗಲಿ, ಆಗಲಿ ಮಗು" ಎಂದು ಎರಡು ಸಲ ಎಂದು, ಫೋನನ್ನು ಅತ್ತಿಗೆಯವರಿಗೆ ಹಿಂದಕ್ಕೆ ಕೊಟ್ಟರು. ಬಳಿಕ ನೆಟ್ಟಗೆ ಕಂಬಿಯ ತುಂಡಿನ ಬಳಿಗೆ ಹೋಗಿ, ಸುತ್ತಿಗೆಯನ್ನು ತೆಗೆದುಕೊಂಡು ಬಾರಿಸಿದರು. ನಾವು ನಾಲ್ವರೂ ಎದ್ದು ನಿಂತೆವು. ಕೀಮ್ಯಾನ್ ಅಜ್ಜನೂ ಸೇರಿ ಆ ದಿನ ನಾವು ನಾಲ್ವರು.

ವಕೀಲರು ಗಡಿಯಾರ ನೋಡಿ, "3 ಗಂಟೆ 42 ನಿಮಿಷ. ಮಾಸ್ತರ ಜೀವಮಾನದಲ್ಲಿ ಮೊದಲನೆಯ ಸಲ ಗಾಡಿ ಏಳು ನಿಮಿಷ ತಡವಾಗಿ ಹೊರಟಿತು" ಎಂದರು.

"ಬರೆದುಕೊಳ್ಳಿ" ಎಂದರು ಮಾಸ್ತರು. "ಕಾರಣ, ದಾರಿಯಲ್ಲಿ ಬಿಸಿಲು."

ವಾಚಕರಲ್ಲಿ ಒಂದು ಪ್ರಾರ್ಥನೆ. ಈ ಬೇಸಗೆಯ ರಜಾದಲ್ಲಿ ಮಕ್ಕಳೊಡನೆ ರೈಲಿನಲ್ಲಿ ಹೋಗುವವರು, ಎಲ್ಲಿಯಾದರೂ ಇನ್ನೂ ಟಕಟಕ ಕೇಳಿಸಿದರೆ ರಾಯರ ಲೆಕ್ಕದಂತೆ 47 ಸೆಕೆಂಡು ಎಣಿಸಿಸಿರಿ. ಮಕ್ಕಳಿಗೆ ಸಂತೋಷವಾಗುವುದು, ತ್ರೈರಾಶಿಯೂ ಬರುವುದು. ಏನೂ ಕೇಳಿಸದೆ ಗಾಡಿ ನುಣ್ಣಗೆ ಹೋಗುತ್ತಿದ್ದರೆ, ನಡುಮಧ್ಯಾಹ್ನ ಕಿಟಕಿಯಿಂದ ಹೊರಗೆ ನೋಡಿರಿ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸುತ್ತಿದ ಬಾವುಟ ಹಿಡಿದು ಪಕ್ಕಕ್ಕೆ ಸರಿದು ನಿಂತ ಒಬ್ಬ ಮನುಷ್ಯನು ಕಾಣಬಹುದು. ಅವನಿಗೆ ಕೈ ಬೀಸುವುದನ್ನು ಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ. ದೊಡ್ಡವರು ಮರೆಯದಿದ್ದರೆ ಸಾಕು. ಮನೆಗೆ ಬಂದ ಮೇಲೆ, ನಿಮ್ಮ ಮನೆಯಲ್ಲಿ ಮೂರು ಗಂಟೆಯ ಬಿಸಿಲಿನಲ್ಲಿ ಬಾವಿಯ ಕಟ್ಟೆಗೆ ಹೋಗಿಬರುವವರು ಯಾರು ಎಂಬುದನ್ನೂ ಒಮ್ಮೆ ವಿಚಾರಿಸಿಕೊಳ್ಳಿರಿ. ಅವರಿಗೆ ಒಂದು ಲೋಟ ಪಾನಕವನ್ನು ನೀವೇ ಮಾಡಿ ಕೊಟ್ಟರೆ ತಪ್ಪಿಲ್ಲ.